ನಮ್ಮ ಮನೆಗೆ ಬೇಕಾದವರು

ಜನರ ಎದುರಿಗೆ ಧನಂಜಯ ತನ್ನ ಅವ್ವನನ್ನು ಕಮಲಮ್ಮ ಎಂದು ಕರೆಯುತ್ತಿದ್ದ.

ಮನೆಯೊಳಗೆ ಅವ್ವ. ಬಾಗಿಲು ಬಡಿದ ಸದ್ದಾದರೆ ಕಮಲಮ್ಮ. ಹೆತ್ತವಳನ್ನು ಹೆಸರು ಹಿಡಿದು ಕರೆಯುವಾಗ ಮೊದಮೊದಲು ಅವನ ನಾಲಿಗೆ ತೊದಲುತ್ತಿತ್ತು. ಆಮೇಲೆ ರೂಢಿಯಾಯಿತು. ಮನುಷ್ಯನಿಗೆ ಯಾವುದು ತಾನೇ ರೂಢಿಯಾಗುವುದಿಲ್ಲ ಹೇಳಿ.

ಇದು ಶುರುವಾದದ್ದು ಒಂದು ತುತ್ತು ಅನ್ನದಿಂದ. ಧನಂಜಯ ಆಕ್ಲೆಂಡಿಗೆ ಬಂದ ಮೊದಲ ಚಳಿಗಾಲ. ಊರಂಚಿನ ತಕಾನಿನಿಯಲ್ಲಿ ಒಬ್ಬನೇ ಒಂದು ಕೋಣೆ ಹಿಡಿದುಕೊಂಡು, ಬ್ರೆಡ್ಡಿಗೆ ಉಪ್ಪಿನಕಾಯಿ ಸವರಿ ತಿನ್ನುತ್ತಿದ್ದ. ಪಕ್ಕದ ಪಾಪಕುರಾದ ಇಂಡಿಯನ್ ಅಂಗಡಿಯಲ್ಲಿ ಫೋನಿನಲ್ಲಿ ಕನ್ನಡ ಮಾತಾಡುತ್ತಿದ್ದವನನ್ನು ಕಾತ್ಯಾಯಿನಿ ಹಿಂದಿನಿಂದ ಭುಜ ತಟ್ಟಿ ಮಾತಾಡಿಸಿದರು. ಅವರೂ ಅವರ ಗಂಡ ಪ್ರಕಾಶ್ ಅವರೂ ಅಲ್ಲಿನ ಕನ್ನಡ ಬಳಗ ನಡೆಸುವವರು. ಮನೆಗೆ ಕರೆದುಕೊಂಡು ಹೋಗಿ ಬಿಸಿ ಅನ್ನ ಸಾರು ಬಡಿಸಿದರು. ಹೊರಡುವಾಗ ಒಂದು ಹೀಟರು, ಒಂದು ಹಳೆಯ ಕುಕ್ಕರು, ಎರಡು ಹೊದಿಕೆ ಕೊಟ್ಟರು. ಒಳ್ಳೆಯ ಜನ. ಈ ಮಾತನ್ನು ಈಗಲೇ ಹೇಳಿಬಿಡಬೇಕು, ಇಲ್ಲವಾದರೆ ಮುಂದಿನದನ್ನು ಕೇಳಿ ಅವರನ್ನು ಸುಲಭವಾಗಿ ಕೆಟ್ಟವರೆಂದುಬಿಡುತ್ತೀರಿ.

ಊಟದ ನಡುವೆ ಕಾತ್ಯಾಯಿನಿ ಕೇಳಿದರು. "ಚಾಮರಾಜನಗರದ ಕಡೆ ಅಂದ್ರಿ. ಲಿಂಗಾಯತ್ರಾ ನೀವು?"

ಧನಂಜಯನ ಬಾಯಿ ತುಂಬ ಅನ್ನವಿತ್ತು. ತಲೆ ಆಡಿಸಿದ. ನುಂಗಿದ ಮೇಲೆ ಅಲ್ಲ ಅನ್ನಬಹುದಿತ್ತು. ಅನ್ನಲಿಲ್ಲ. ಕಾತ್ಯಾಯಿನಿ ಇನ್ನೊಂದು ಮಿಳ್ಳೆ ತುಪ್ಪ ಹಾಕಿದರು.

ಅಂದಿನಿಂದ ಧನಂಜಯ ಮಾಂಸ ಮುಟ್ಟದವನಾದ. ಮೈಸೂರಿನಿಂದ ತಾರಾಳನ್ನು ಮದುವೆಯಾಗಿ ಕರೆದುಕೊಂಡು ಬಂದ ಮೇಲೆ ಅವಳಿಗೂ ಅದೇ ಪಾಠ. ಕುರಿ ಮಾಂಸ ಬೇಯಿಸಬೇಕೆಂದರೆ ಕಿಟಕಿ ಮುಚ್ಚಿ ಫ್ಯಾನು ಹಾಕಬೇಕು. ಶನಿವಾರ ಯಾರಾದರೂ ಬರುವವರಿದ್ದರೆ ಬಾಬಾಸಾಹೇಬರ ಪಟ ಬೀರುವಿನೊಳಗೆ ಸೀರೆಗಳ ಕೆಳಗೆ ಹೋಗಬೇಕು. ಬುದ್ಧ ಮಾತ್ರ ಹಾಲಿನಲ್ಲಿ ರಾಜಾರೋಷವಾಗಿ ಕೂರಬಹುದಿತ್ತು. ಅಲ್ಲಿ ಎಲ್ಲರ ಮನೆಯಲ್ಲೂ ಒಬ್ಬ ಬುದ್ಧನಿರುತ್ತಾನೆ, ಟೀವಿಯ ಪಕ್ಕ, ಗಿಡದ ಕುಂಡದ ಹತ್ತಿರ, ಚೆಂದಕ್ಕೆ.

ತಾರಾ ಬಸುರಿಯಾದಳು. ಬಾಣಂತನಕ್ಕೆ ಅವ್ವ ಬಂದಳು. ವಿಮಾನ ನಿಲ್ದಾಣದ ಬಾಗಿಲಲ್ಲಿ ಟ್ರಾಲಿ ಬಿಟ್ಟು ಎರಡೂ ಕೈ ಎತ್ತಿ, "ಜೈ ಭೀಮ್ ಮಗಾ!" ಎಂದು ಕೂಗಿದಳು. ಧನಂಜಯ ಅವಳನ್ನು ತಬ್ಬಿಕೊಳ್ಳುವ ಮೊದಲು ಸುತ್ತ ಕಣ್ಣಾಡಿಸಿದ, ಕನ್ನಡದವರು ಯಾರಾದರೂ ಇದ್ದಾರೆಯೇ ಎಂದು.

ಅವ್ವ ಒಂದು ಸಣ್ಣ ಪಟ್ಟಣದಲ್ಲಿ ಪೌರಕಾರ್ಮಿಕಳಾಗಿದ್ದವಳು. ಆ ಗೌರವದ ಹೆಸರು ಬಂದದ್ದು ಆಮೇಲೆ. ಅವಳು ಕೆಲಸಕ್ಕೆ ಸೇರಿದಾಗ ಜಾಡಮಾಲಿ ಅನ್ನುತ್ತಿದ್ದರು. ಊರಿನವರು ಅಷ್ಟೂ ಅನ್ನುತ್ತಿರಲಿಲ್ಲ, "ಏಯ್" ಅನ್ನುತ್ತಿದ್ದರು. ಬೆಳಕು ಹರಿಯುವ ಮೊದಲೇ ಮೋರಿಗೆ ಇಳಿಯಬೇಕು. ತಗಡಿನಿಂದ ಬಾಚಬೇಕು. ಬಾಚಿದ್ದನ್ನು ಬುಟ್ಟಿಗೆ ತುಂಬಿ ತಲೆಯ ಮೇಲೆ ಹೊರಬೇಕು. ಮಳೆ ಬಂದರೆ ಬುಟ್ಟಿಯಿಂದ ಸೋರಿದ್ದು ಹಣೆಗೆ, ಹುಬ್ಬಿಗೆ, ತುಟಿಗೆ ಇಳಿಯುತ್ತಿತ್ತು. ಅವಳ ಬಲಗೈಯ ಉಗುರುಗಳು ಸತ್ತು ಕಪ್ಪಾಗಿದ್ದವು. ಆ ಕೈಯಿಂದಲೇ ದುಡಿದು ಮಗನನ್ನು ಇಂಜಿನಿಯರ್ ಮಾಡಿದಳು.

ಧನಂಜಯ ಮಿಡ್ಲ್‌ಸ್ಕೂಲಿನಲ್ಲಿದ್ದಾಗ ಕೇರಿಗೆ ಕೇರಿಯೇ ಬೌದ್ಧ ದೀಕ್ಷೆ ತೆಗೆದುಕೊಂಡಿತು. ಅವತ್ತಿನಿಂದ ಅವ್ವ ಬೆಳಗಾಗೆದ್ದು ಕೈಕಾಲು ತೊಳೆದು ಬುದ್ಧನ ಪಟದ ಮುಂದೆ ಕೂರುತ್ತಾಳೆ. ಒಂದು ಮೇಣದಬತ್ತಿ, ಸಿಕ್ಕಿದರೆ ಒಂದು ಹೂವು. ಬುದ್ಧನಿಗೆ, ಅವನ ಧಮ್ಮಕ್ಕೆ, ಅವನ ಸಂಘಕ್ಕೆ ಶರಣು. ಆಮೇಲೆ ಐದು ಶೀಲ. ಕೇಳಿಕೊಳ್ಳುವುದು ಏನೂ ಇಲ್ಲ, ಹರಕೆ ಇಲ್ಲ. ತಕಾನಿನಿಯಲ್ಲಿ ಮೊದಲ ದಿನ ಅವಳು ಊದುಬತ್ತಿ ಹಚ್ಚಿದಾಗ ಚಾವಣಿಯ ಸ್ಮೋಕ್ ಅಲಾರಂ ಕಿರುಚಿಕೊಂಡು ಎಲ್ಲರೂ ಬೆಚ್ಚಿಬಿದ್ದಿದ್ದರು. ಅಂದಿನಿಂದ ಬರೀ ಹೂವು. ಅದೂ ಬಾಗಿಲು ಹಾಕಿಕೊಂಡು.

ಕೂಸು ಹುಟ್ಟಿದ ವಾರಕ್ಕೆ ಕಾತ್ಯಾಯಿನಿ ಕುಲಾವಿ ಅಂಗಿ ಎಲ್ಲ ಹಿಡಿದುಕೊಂಡು ಬಂದರು. ಅವ್ವ ಕುಕ್ಕರಗಾಲಲ್ಲಿ ಕೂತು ಅಡುಗೆಮನೆಯ ನೆಲ ಒರೆಸುತ್ತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿತ್ತು. ಮೊಣಕೈವರೆಗೆ ಹಚ್ಚೆ ಕಾಣುತ್ತಿತ್ತು.

"ಇವರು?" ಅಂದರು ಕಾತ್ಯಾಯಿನಿ.

ಧನಂಜಯ ಕುಲಾವಿ ಅಂಗಿ ಇಸಿದುಕೊಂಡ. "ಕಮಲಮ್ಮ ಅಂತ. ನಮ್ಮ ಮನೆಗೆ ಬೇಕಾದವರು. ಬಾಣಂತನಕ್ಕೆ ಕರೆಸಿಕೊಂಡ್ವಿ."

"ಒಳ್ಳೇದಾಯ್ತು ಬಿಡಿ. ಇಲ್ಲಿ ಕೆಲಸಕ್ಕೆ ಜನ ಎಲ್ಲಿ ಸಿಗ್ತಾರೆ?" ಅಂದರು ಕಾತ್ಯಾಯಿನಿ. ಒದ್ದೆ ನೆಲ ದಾಟಿಕೊಂಡು ಕೂಸಿನ ಕೋಣೆಗೆ ಹೋದರು.

ರಾತ್ರಿ ಊಟಕ್ಕೆ ಕೂತಾಗ ಅವ್ವ ಕೇಳಿದಳು. "ಬೇಕಾದೋರು ಅಂದ್ರೆ ಏನ್ಲಾ?"

ಧನಂಜಯ ಹೇಳಿದ. ತಲೆ ಆಡಿಸಿದ್ದರಿಂದ ಹಿಡಿದು ಎಲ್ಲ ಹೇಳಿದ. ತಾರಾ ತಟ್ಟೆಯಿಂದ ಕಣ್ಣೆತ್ತಲಿಲ್ಲ. ಅವ್ವ ಮುದ್ದೆ ಮುರಿದು ಸಾರಿಗೆ ಅದ್ದಿದಳು.

"ನಿನ್ನ ಅನ್ನಕ್ಕೆ ಕಲ್ಲು ಬೀಳದು ಬ್ಯಾಡ ಮಗಾ. ಬಾಣಂತನ ಮುಗುಸ್ಕಂಡು ಹೊಂಟೋಯ್ತಿನಿ. ಆಯ್ತು ಬುಡು," ಅಂದಳು.

ಅವನ ಅನ್ನಕ್ಕೆ ಕಲ್ಲು ಹಾಕುವವರು ಯಾರೂ ಇರಲಿಲ್ಲ. ಡೈರಿ ಕಾರ್ಖಾನೆಯಲ್ಲಿ ಕೆಲಸ ಕೊಟ್ಟವನು ಬಿಳಿಯ. ಹಾಲು ತುಂಬುವ ಯಂತ್ರ ನಿಲ್ಲದೆ ಓಡಿದರೆ ಸಾಕು ಅವನಿಗೆ, ಓಡಿಸುವವನು ಹೊಲೆಯನಾದರೇನು ಬ್ರಾಹ್ಮಣನಾದರೇನು. ಧನಂಜಯ ಕಾಪಾಡಿಕೊಳ್ಳುತ್ತಿದ್ದದ್ದು ಅನ್ನವನ್ನಲ್ಲ, ಬಳಗದವರ ಜೊತೆಗಿನ ಶನಿವಾರದ ಊಟಗಳನ್ನು. ಇದು ಅವನಿಗೆ ಗೊತ್ತಿತ್ತು. ಅವ್ವ ಒಂದು ಮಾತು ಬೈದಿದ್ದರೆ ಅವನಿಗೆ ನಿದ್ದೆ ಬರುತ್ತಿತ್ತು. ಅವಳು ಆಯ್ತು ಬುಡು ಅಂದಳು.

ಮೇ ತಿಂಗಳು ಬಂತು. ಬಳಗದವರು ಆ ವರ್ಷ ಧರ್ಮ ಪರಿಚಯ ಎಂದು ಒಂದು ಕಾರ್ಯಕ್ರಮ ಹಾಕಿಕೊಂಡಿದ್ದರು. ತಿಂಗಳಿಗೊಂದು ಧರ್ಮ, ಅರ್ಧ ಗಂಟೆ ಭಾಷಣ, ಪ್ರಶ್ನೋತ್ತರ, ಕೊನೆಗೆ ಎಲ್ಲರ ಮನೆಯಿಂದ ತಂದ ಊಟ. ಬುದ್ಧ ಪೂರ್ಣಿಮೆಯ ತಿಂಗಳಾದ್ದರಿಂದ ಬೌದ್ಧಧರ್ಮ ಎಂದಾಯಿತು.

"ನೀವೇ ಮಾತಾಡಿ ಧನಂಜಯ," ಅಂದರು ಪ್ರಕಾಶ್. "ನಿಮ್ಮ ಮನೇಲಿ ಅಷ್ಟು ಚೆನ್ನಾಗಿರೋ ಬುದ್ಧ ಇದಾನೆ. ಒಂದಿಷ್ಟು ಓದ್ಕೊಂಡಿರ್ತೀರಿ."

ಧನಂಜಯನಿಗೆ ಹೆದರಿಕೆಯಾಯಿತು. ಖುಷಿಯೂ ಆಯಿತು. ಖುಷಿಯಾದದ್ದಕ್ಕೆ ನಾಚಿಕೆಯೂ ಆಯಿತು. ಒಪ್ಪಿಕೊಂಡ.

ರಾತ್ರಿಗಳಲ್ಲಿ ಕಂಪ್ಯೂಟರ್ ಮುಂದೆ ಕೂತು ಭಾಷಣ ಬರೆದ. ಅವ್ವ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಪಕ್ಕದಲ್ಲೇ ಕೂರುತ್ತಿದ್ದಳು. ಮೂರು ತಿಂಗಳಲ್ಲಿ ಅವಳ ಮುಖ ಅಷ್ಟು ಅರಳಿದ್ದನ್ನು ಅವನು ನೋಡಿರಲಿಲ್ಲ.

"ದೀಕ್ಷೆ ದಿವ್ಸದ್ದು ಹೇಳ್ತಿಯಾ ಮಗಾ? ದೀಕ್ಷೆ ಕೊಟ್ಟ ಭಂತೇಜಿ ನನ್ನ ಕೈಯಿಂದ ನೀರು ಇಸ್ಕಂಡು ಕುಡುದ್ರಲ್ಲ, ಅದು ಹೇಳು. ಮೋರಿ ಬಾಚೋಳ ಕೈ. ಚೊಂಬು ನಡುಗ್ತಿತ್ತು. ಅವ್ರು ಗಟಗಟ ಅಂತ ಕುಡುದ್ಬುಟ್ಟು ಇನ್ನೊಸಿ ಕೊಡವ್ವಾ ಅಂದ್ರು. ಬುದ್ಧ ಅಂದ್ರೆ ನಂಗೆ ಅದೇಯ."

"ಅದು ಅವರಿಗೆ ಅರ್ಥ ಆಗಲ್ಲ ಅವ್ವ. ಫಿಲಾಸಫಿ ಹೇಳ್ಬೇಕು."

ಅವ್ವ ಆಮೇಲೆ ಏನೂ ಹೇಳಿಕೊಡಲಿಲ್ಲ. ಕಾರ್ಯಕ್ರಮದ ದಿನ ಬೆಳಿಗ್ಗೆ ಎದ್ದು ದೊಡ್ಡ ಪಾತ್ರೆ ತುಂಬ ಹಾಲುಪಾಯಸ ಮಾಡಿದಳು. ಕೇರಿಯಲ್ಲಿ ಬುದ್ಧ ಪೂರ್ಣಿಮೆಗೆ ಪಾಯಸ ಮಾಡಿ ಮನೆಮನೆಗೂ ಹಂಚುವುದು ಪದ್ಧತಿ. ಊರಿನಿಂದ ತಂದಿದ್ದ ಬಿಳಿ ಸೀರೆ ಉಟ್ಟಳು. ಅದು ದೀಕ್ಷೆಯ ಸೀರೆ. ಧನಂಜಯ ನೋಡಿದ. ಬೇರೆ ಉಡು ಅನ್ನಲು ಬಾಯಿ ಬರಲಿಲ್ಲ. ಅಷ್ಟು ಮಟ್ಟಿಗಾದರೂ ಮಗನಾಗಿ ಉಳಿದಿದ್ದ.

ಪಾಪಕುರಾದ ಒಂದು ಬಾಡಿಗೆ ಹಾಲಿನಲ್ಲಿ ಐವತ್ತು ಅರವತ್ತು ಜನ ಸೇರಿದ್ದರು. ಮಕ್ಕಳು ಗಣಪತಿಯ ಶ್ಲೋಕ ಹಾಡಿ ಶುರು ಮಾಡಿದರು. ಅವ್ವ ಒಳಗೆ ಬಂದು ಕುರ್ಚಿಯ ಮೇಲೆ ಕೂತಳು. ಕೂತು ಸರಿಯಾಗಿ ಉಸಿರು ಬಿಟ್ಟಿರಲಿಲ್ಲ, ಯಾರೋ, "ಕಮಲಮ್ಮ, ಸ್ವಲ್ಪ ಲೋಟ ತೊಳ್ಕೊಡ್ತೀರಾ?" ಅಂದರು. ಎದ್ದು ಅಡುಗೆಕೋಣೆಗೆ ಹೋದಳು.

ಧನಂಜಯ ಮೈಕಿನ ಹತ್ತಿರ ಹೋಗುವಷ್ಟರಲ್ಲಿ ಕಾತ್ಯಾಯಿನಿ ಮೂಗು ಮುಚ್ಚಿಕೊಂಡು ಬಂದರು. "ಏನ್ ಮಾಡೋದು ಈಗ? ಲೇಡೀಸ್ ಟಾಯ್ಲೆಟ್ ಕಟ್ಕೊಂಡ್ಬಿಟ್ಟಿದೆ. ಯಾವುದೋ ಮಗು ನ್ಯಾಪಿ ಬಿಚ್ಚಿ ಒಳಗೆ ಹಾಕಿದೆ ಅನ್ಸತ್ತೆ. ಎಲ್ಲಾ ತುಂಬಿ ಹೊರಗೆ ಬರ್ತಿದೆ. ಹಾಲ್‌ನವರು ಫೋನ್ ಎತ್ತುತಾ ಇಲ್ಲ."

ಅಲ್ಲಿ ಗಂಡಸರಲ್ಲಿ ಅರ್ಧಕ್ಕರ್ಧ ಇಂಜಿನಿಯರುಗಳು. ಒಬ್ಬ ನೀರಿನ ಪೈಪುಗಳ ಮೇಲೆಯೇ ಡಾಕ್ಟರೇಟ್ ಮಾಡಿದವನು. ಎಲ್ಲರೂ ಛೇ ಛೇ ಅಂದರು. ಯಾರೂ ಕುರ್ಚಿ ಬಿಟ್ಟು ಏಳಲಿಲ್ಲ.

ಕಾತ್ಯಾಯಿನಿ ದನಿ ತಗ್ಗಿಸಿದರು. "ಧನಂಜಯ, ನಿಮ್ಮ ಕಮಲಮ್ಮಂಗೆ ಒಂಚೂರು ಹೇಳ್ತೀರಾ? ಅವರಿಗೆ ಅಭ್ಯಾಸ ಇರತ್ತೆ. ನಾವು ಹೇಳಿದ್ರೆ ಏನಂದ್ಕೋತಾರೋ."

ಅವ್ವನ ಕೆಲಸ ಏನಾಗಿತ್ತೆಂದು ಕಾತ್ಯಾಯಿನಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಸತ್ತ ಉಗುರು, ಹಚ್ಚೆ, ಮಾತಿನ ಧಾಟಿ ಇಷ್ಟು ನೋಡಿದರೆ ಯಾರ ಕೈಯನ್ನು ಎಲ್ಲಿಗೆ ಇಳಿಸಬಹುದು ಎಂಬುದು ನಮ್ಮವರಿಗೆ ಹೊಳೆದುಬಿಡುತ್ತದೆ. ಸಮುದ್ರ ದಾಟಿದರೂ ಆ ಬುದ್ಧಿ ಮಸುಕಾಗುವುದಿಲ್ಲ.

ಇಲ್ಲ ಅನ್ನಲು ಅದೇ ಹೊತ್ತು. ಆಕೆ ನನ್ನ ತಾಯಿ ಅನ್ನಲು ಅದೇ ಹೊತ್ತು. ತಾರಾ ಕೂಸನ್ನು ಎದೆಗೆ ಒತ್ತಿಕೊಂಡು ಹತ್ತಿರ ಬಂದು, "ರೀ, ಬೇಡ ಅನ್ನಿ," ಎಂದು ಪಿಸುಗುಟ್ಟಿದಳು. "ಈಗ ಗಲಾಟೆ ಬೇಡ," ಅಂದ ಧನಂಜಯ.

ಅಡುಗೆಕೋಣೆಗೆ ಹೋದ. ಅಲ್ಲಿ ಮೂರು ನಾಲ್ಕು ಹೆಂಗಸರು ತಟ್ಟೆ ಜೋಡಿಸುತ್ತಿದ್ದರು. ಅವ್ವ ಸಿಂಕಿನ ಹತ್ತಿರ ನಿಂತಿದ್ದಳು.

"ಕಮಲಮ್ಮ, ಅಲ್ಲಿ ಟಾಯ್ಲೆಟ್ಟು ಕಟ್ಕೊಂಡಿದೆಯಂತೆ. ಸ್ವಲ್ಪ ನೋಡ್ತೀರಾ?"

ಅವನ ಬಾಯಿಂದಲೇ ಬಂತು. ಬಹುವಚನದಲ್ಲಿ ಬಂತು, ಮರ್ಯಾದೆಯ ಜೊತೆಗೆ.

ಅವ್ವ ಅವನ ಮುಖ ನೋಡಿದಳು. ಕೈಯಲ್ಲಿದ್ದ ಲೋಟವನ್ನು ತೊಳೆದು ಬೋರಲು ಹಾಕಿದಳು. ಬಿಳಿ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಹೋದಳು.

ಧನಂಜಯ ಮೈಕಿನ ಮುಂದೆ ನಿಂತ.

ಸಿದ್ಧಾರ್ಥನ ಕಥೆ ಹೇಳಿದ. ರೋಗಿ, ಮುದುಕ, ಹೆಣ ಕಂಡು ಅರಮನೆ ಬಿಟ್ಟವನು. ಬದುಕಿನಲ್ಲಿ ದುಃಖವಿದೆ ಅಂದ. ದುಃಖಕ್ಕೆ ಕಾರಣವಿದೆ, ಅದು ಆಸೆ, ತನ್ನದು ತನ್ನದೆಂದು ಹಿಡಿದುಕೊಳ್ಳುವುದು ಅಂದ. ಅದನ್ನು ಬಿಟ್ಟರೆ ದುಃಖ ನಿಲ್ಲುತ್ತದೆ, ಬಿಡಲು ಎಂಟು ಹೆಜ್ಜೆಯ ದಾರಿಯಿದೆ ಅಂದ. ಸರಿಯಾದ ನೋಟ, ಸರಿಯಾದ ಮಾತು, ಸರಿಯಾದ ದುಡಿಮೆ. ಪರದೆಯ ಮೇಲೆ ಒಂದಾದ ಮೇಲೊಂದು ಚಿತ್ರ ಬರುತ್ತಿತ್ತು. ಬೋಧಿವೃಕ್ಷ, ಸ್ತೂಪ, ಕೇಸರಿ ಬಟ್ಟೆಯ ಭಿಕ್ಷುಗಳ ಸಾಲು.

ಗೋಡೆಯಾಚೆ ಶೌಚಾಲಯ. ಗೋಡೆ ಹಲಗೆಯದು, ಸದ್ದೆಲ್ಲ ಕೇಳುತ್ತಿತ್ತು. ಬಕೆಟ್ಟಿನ ಹಿಡಿ ಕಿರುಗುಟ್ಟಿತು. ನೀರು ಸುರಿದ ಸದ್ದು. ಏನನ್ನೋ ಎಳೆದ ಸದ್ದು. ಅವ್ವ ಉಸಿರು ಬಿಗಿಹಿಡಿದು ಬಿಡುವ ಹ್ಞಾ ಎಂಬ ಸದ್ದು. ಆ ಸದ್ದು ಅವನಿಗೆ ಹುಟ್ಟಿದಾಗಿನಿಂದ ಗೊತ್ತು. ಮೋರಿಯಿಂದ ತುಂಬಿದ ಬುಟ್ಟಿ ಎತ್ತುವಾಗ ಅವಳು ಹಾಗೇ ಉಸಿರು ಬಿಡುತ್ತಿದ್ದಳು.

"ಬುದ್ಧನ ಮುಖ್ಯ ಸಂದೇಶ ಕರುಣೆ," ಅಂದ ಧನಂಜಯ. ನೀರು ಕುಡಿದ. ಮುಂದುವರಿಸಿದ.

ಚಪ್ಪಾಳೆ ಬಿತ್ತು. ವಿಶ್ವಾಸ್ ಕೈ ಎತ್ತಿದ. ಬ್ಯಾಂಕಿನಲ್ಲಿ ಸಾಫ್ಟ್‌ವೇರ್ ಕೆಲಸದವನು, ಧನಂಜಯನ ಜೊತೆ ವಾರವಾರ ಬ್ಯಾಡ್ಮಿಂಟನ್ ಆಡುವವನು. "ತುಂಬಾ ಚೆನ್ನಾಗಿತ್ತು ಗುರು. ಒಂದ್ ಡೌಟು. ನಮ್ಮೂರ್‌ಕಡೆ ಈ ಎಸ್‌ಸಿಗಳು ಗುಂಪುಗುಂಪಾಗಿ ಬೌದ್ಧರಾಗ್ತಾರಲ್ಲ, ಅದೆಲ್ಲಾ ರಿಸರ್ವೇಶನ್ನಿಗೆ ತಾನೇ? ಈ ಫಿಲಾಸಫಿ ಎಲ್ಲಾ ಅವರಿಗೇನ್ ಗೊತ್ತಿರತ್ತೆ?"

ಅಲ್ಲಲ್ಲಿ ನಗು ಎದ್ದಿತು. ಕೆಟ್ಟ ನಗುವೇನಲ್ಲ, ಊಟದ ಮುಂಚಿನ ಹಗುರಾದ ನಗು. ಧನಂಜಯನೂ ಒಂದಿಷ್ಟು ನಕ್ಕ.

"ಅದು ಬೇರೆ ವಿಶ್ವಾಸ್. ಅದು ಬರೀ ರಾಜಕೀಯ," ಅಂದ. "ನಾನು ಹೇಳಿದ್ದು ನಿಜವಾದ ಬೌದ್ಧಧರ್ಮದ ಬಗ್ಗೆ."

ಹೇಳಿ ತಲೆ ಎತ್ತಿದ. ಪಕ್ಕದ ಬಾಗಿಲಲ್ಲಿ ಅವ್ವ ನಿಂತಿದ್ದಳು. ಎರಡೂ ಕೈಯನ್ನು ಮೈಯಿಂದ ದೂರ ಹಿಡಿದುಕೊಂಡಿದ್ದಳು, ಬಟ್ಟೆಗೆ ತಾಗದಿರಲೆಂದು. ಮೊಣಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಬಿಳಿ ಸೀರೆಯ ಮುಂಭಾಗವೆಲ್ಲ ಕಂದು ಕಲೆ. ಇನ್ನೊಂದು ಬಕೆಟ್ ಕೇಳಲು ಬಂದಿದ್ದಳೋ ಏನೋ. ಏನೂ ಕೇಳದೆ ತಿರುಗಿ ಹೋದಳು.

ಪ್ರಕಾಶ್ ವಂದನೆ ಹೇಳಿದರು, ಊಟಕ್ಕೆ ಕರೆದರು. ಜನ ತಟ್ಟೆ ಹಿಡಿದು ಸಾಲು ನಿಂತರು. ಧನಂಜಯ ಗೋಡೆ ಹಿಡಿದುಕೊಂಡೇ ಶೌಚಾಲಯದ ಕಡೆ ನಡೆದ.

ಅವ್ವ ಬೇಸಿನ್ನಿನಲ್ಲಿ ಕೈ ತೊಳೆಯುತ್ತಿದ್ದಳು. ಭುಜದವರೆಗೂ ಸೋಪು. ಅಲ್ಲಿ ಮೇ ಅಂದರೆ ಚಳಿ ಇಳಿಯುವ ಕಾಲ, ನೀರು ಐಸಿನಂತೆ ತಣ್ಣಗಿತ್ತು. ನ್ಯಾಪಿ ತೆಗೆದು ಒಂದು ಚೀಲಕ್ಕೆ ಹಾಕಿ ಗಂಟು ಕಟ್ಟಿದ್ದಳು. ನೆಲದ ಮೇಲೆ ಹೊಲಸು ನೀರು ಇನ್ನೂ ನಿಂತಿತ್ತು. ಹೊಸ್ತಿಲು ದಾಟುವಷ್ಟು ಹರಡಿತ್ತು. ಒರೆಸುವ ಬಟ್ಟೆ ಬಕೆಟ್ಟಿನ ಮೇಲೆ ಬಿದ್ದಿತ್ತು.

"ಅವ್ವ."

ಅವಳು ತಿರುಗಲಿಲ್ಲ. "ಕೈ ನೆಟ್ಗೆ ಹೋಗಿತ್ತು ಮಗಾ ಒಳಕ್ಕೆ. ಊರಲ್ಲಾದ್ರೂ ತಗಡಿರದು."

"ಅವ್ವ, ನಂದು ತಪ್ಪಾಯ್ತು."

"ಹೇಲು ಎತ್ತಿದ್ಕೆ ನಂಗೇನು ಬೇಜಾರಿಲ್ಲ ಕಣ್ಲಾ. ನೀನು ಹೇಳ್ದೆ ಅಂತ ಎತ್ದೆ. ನಿಜ್ವಾದ ಬುದ್ಧ ಅಂದ್ಯಲ್ಲ, ಹಂಗಾರೆ ನಂದು ಸುಳ್ಳಾ?" ಅವಳು ನಲ್ಲಿ ನಿಲ್ಲಿಸಿದಳು. "ಉಳ್ದಿದ್ದು ನಾನು ಬಾಚಕ್ಕಿಲ್ಲ. ಇಲ್ಲೇ ಇರ್ಲಿ. ತುಳ್ಕಂಡು ಓಡಾಡ್ಲಿ ಎಲ್ರೂವೆ."

ಧನಂಜಯ ರೇಷ್ಮೆ ಜುಬ್ಬದ ತೋಳು ಮಡಚಿದ. ಮಂಡಿಯೂರಿದ. ಹೊಲಸು ನೀರು ಪ್ಯಾಂಟಿನೊಳಕ್ಕೆ ಇಳಿಯಿತು. ಬಟ್ಟೆ ತೆಗೆದು ನೆಲ ಒರೆಸತೊಡಗಿದ. ಒರೆಸಿ ಹಿಂಡಿದ. ಮತ್ತೆ ಒರೆಸಿದ. ಅಳು ಬಂತು. ಅಳುತ್ತ ಒರೆಸುವಾಗ ಅವನಿಗೆ ಒಂದು ಬಗೆಯ ಹಾಯೆನಿಸಿತು. ನಿಜ ಹೇಳಬೇಕೆಂದರೆ, ಇಷ್ಟರಲ್ಲೇ ಮುಗಿದುಹೋಗಲಿ ಎಂಬ ಆಸೆಯೂ ಒಳಗೇ ಇತ್ತು.

ಅವ್ವ ಅವನ ರಟ್ಟೆ ಹಿಡಿದು ಎಳೆದಳು. ಮೋರಿಯ ಬುಟ್ಟಿ ಎತ್ತಿದ ಕೈ. ಅವನು ಮೇಲೆ ಬಂದ.

"ಏಳ್ಲಾ ಮ್ಯಾಕ್ಕೆ! ಇದುಕ್ಕಾ ನಾನು ನಿನ್ನ ಓದ್ಸಿದ್ದು? ನನ್ನ ಮಗ ಇದ್ನ ಮುಟ್ಬಾರ್ದು ಅಂತ ನಾನು ಜೀವ್ಮಾನ ಎಲ್ಲಾ ಮುಟ್ದೆ. ನಿನ್ನ ಕೈ ಗಲೀಜು ಮಾಡ್ಕಂಡ್ರೆ ಅಲ್ಲಿ ಆಡಿದ ಮಾತು ಅಳ್ಸೋಯ್ತದಾ?"

"ಮತ್ತೇನು ಮಾಡ್ಲಿ ಅವ್ವ?"

"ಇಲ್ಲಿ ಯಾರು ನೋಡ್ತಾವ್ರೆ ನಿನ್ನ? ನಾನೊಬ್ಳು. ನಂಗೆ ಗೊತ್ತಿಲ್ವಾ ನೀನು ಯಾರ ಮಗ ಅಂತ? ಎಲ್ಲಿ ನಿಂತ್ಕಂಡು ಅಂದ್ಯೋ ಅಲ್ಲೇ ಹೋಗಿ ನಿಂತ್ಕಂಡು ಹೇಳು. ಆಗಕ್ಕಿಲ್ಲ ಅಂದ್ರೆ ನಾಳೀಕೇ ಟಿಕೇಟು ಮಾಡು. ಬಾಣಂತನ ಮಾಡಕ್ಕೆ ಬಂದ ಕೆಲ್ಸದೋಳು ಕೆಲ್ಸ ಬುಟ್ಟೋದ್ಲು ಅನ್ಕೋ."

ಹೊಲಸು ನೆಲ ಒರೆಸುವುದು ಎಷ್ಟು ಸುಲಭವಾಗಿತ್ತು ಎಂದು ಧನಂಜಯನಿಗೆ ಆಗ ಗೊತ್ತಾಯಿತು.

ಹಾಲಿಗೆ ಬಂದ. ಪ್ಯಾಂಟಿನ ಮಂಡಿಗಳು ಒದ್ದೆಯಾಗಿ ನಾರುತ್ತಿದ್ದವು. ಸಾಲಿನಲ್ಲಿದ್ದವರು ಒಂದಿಷ್ಟು ಸರಿದು ದಾರಿ ಬಿಟ್ಟರು. ಕಾತ್ಯಾಯಿನಿ ಪಾಯಸ ಬಡಿಸುತ್ತ, "ತಾರಾ, ಏನ್ ರುಚಿ ಕಣೇ, ಹೇಗ್ ಮಾಡಿದ್ದು?" ಅನ್ನುತ್ತಿದ್ದರು. ಧನಂಜಯ ಮೈಕ್ ತೆಗೆದುಕೊಂಡ. ಮೈಕು ಕಿರ್ರೆಂದಿತು. ಎಲ್ಲರೂ ತಿರುಗಿದರು.

"ಆ ಪಾಯಸ ಮಾಡಿದ್ದು ತಾರಾ ಅಲ್ಲ, ಕಮಲಮ್ಮ. ಕಮಲಮ್ಮ ನನ್ನ ಹೆತ್ತತಾಯಿ. ಊರಲ್ಲಿ ಮೋರಿ ಬಾಚೋ ಕೆಲಸ ಮಾಡ್ತಿದ್ರು. ನಾವು ಲಿಂಗಾಯತರಲ್ಲ. ಹೊಲಗೇರಿಯವರು. ವಿಶ್ವಾಸ್ ಕೇಳಿದ್ರಲ್ಲ ಗುಂಪುಗುಂಪಾಗಿ ಬೌದ್ಧರಾದವರು ಅಂತ, ಅದು ನಾವೇ. ನಾನು ಅದು ನಿಜವಾದದ್ದಲ್ಲ ಅಂದೆ. ಸುಳ್ಳು ಹೇಳಿದೆ. ಈಗ ಟಾಯ್ಲೆಟ್ಟಿನಲ್ಲಿ ಕೈ ಹಾಕಿದವರು ನನ್ನವ್ವ. ಹಾಕಿ ಅಂತ ಹೇಳಿದವನು ನಾನು."

ಪ್ರಕಾಶ್ ಅವರ ಮಗಳು ಅನನ್ಯಾ, ಅಲ್ಲೇ ಹುಟ್ಟಿ ಬೆಳೆದವಳು, "ವೇಟ್, ಶೀ ಈಸ್ ಹಿಸ್ ಮಮ್?" ಎಂದು ಜೋರಾಗಿ ಕೇಳಿದಳು. ಅವಳನ್ನು ಸುಮ್ಮನಾಗಿಸಿದರು.

ಪಾಯಸದ ಬಟ್ಟಲು ಹಿಡಿದಿದ್ದ ಒಬ್ಬರು ಅದನ್ನು ಮೆಲ್ಲಗೆ ಮೇಜಿನ ಮೇಲೆ ಇಟ್ಟರು. ಅವರನ್ನು ನೋಡಿ ಇನ್ನೊಬ್ಬರು ಇಟ್ಟರು. ಇಟ್ಟಿದ್ದು ಯಾರಿಗೂ ಕಾಣಬಾರದೆಂಬಂತೆ ಇಟ್ಟರು.

"ಧನಂಜಯ, ಇದೆಲ್ಲಾ ಯಾಕಪ್ಪ ಈಗ?" ಅಂದರು ಪ್ರಕಾಶ್. "ಈ ದೇಶದಲ್ಲಿ ಜಾತಿ ಯಾರು ಕೇಳಿದ್ರು ನಿಮ್ಮನ್ನ?"

ಧನಂಜಯ ಕಾತ್ಯಾಯಿನಿಯ ಕಡೆ ನೋಡಿದ. ಅವರು ಕಣ್ಣು ತಪ್ಪಿಸಿದರು. ಅಷ್ಟರಲ್ಲಿ ಅವ್ವ ಬಾಗಿಲಿಗೆ ಬಂದಿದ್ದಳು. ಕಾತ್ಯಾಯಿನಿ ಅವಳ ಕಡೆ ಓಡಿದರು. ಕಣ್ಣಲ್ಲಿ ನೀರಿತ್ತು. ನಿಜವಾದ ನೀರೇ.

"ಅಯ್ಯೋ, ನಮಗೇನ್ ಗೊತ್ತಮ್ಮ! ನೀವು ಧನಂಜಯನ ತಾಯಿ ಅಂತ ಗೊತ್ತಿದ್ರೆ ನಾನು ಅಂಥಾ ಕೆಲಸ ಹೇಳ್ತಿದ್ನಾ?"

ಅವ್ವ ಅವರನ್ನೇ ನೋಡಿದಳು. ಕೂಗಾಡಲಿಲ್ಲ.

"ಅವನ ತಾಯಿ ಅಲ್ದೇ ಇದ್ದಿದ್ರೆ ಹೇಳ್ಬೋದಾಗಿತ್ತೇನವ್ವಾ?"

ಕಾತ್ಯಾಯಿನಿ ಒಂದು ಹೆಜ್ಜೆ ಹಿಂದೆ ಸರಿದರು. ಆ ಪ್ರಶ್ನೆ ಧನಂಜಯನಿಗೂ ಸೇರಿದ್ದು. ಅವನು ಹೇಳಿದ್ದರಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ನನ್ನ ತಾಯಿ ಅಂದಿದ್ದ. ಯಾವ ತಾಯಿಯ ಕೈಯೂ ಅಲ್ಲಿಗೆ ಇಳಿಯಬಾರದು ಅಂದಿರಲಿಲ್ಲ.

ಅವ್ವ ನಡೆದು ಬಂದು ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತಳು. ಕಲೆಯಾದ ಸೀರೆಯಲ್ಲೇ ಕೂತಳು. ಪಕ್ಕದ ಕುರ್ಚಿಗಳು ಖಾಲಿಯಾದವು. ತಾರಾ ಕೂಸನ್ನು ಎತ್ತಿಕೊಂಡು ಬಂದು ಒಂದರಲ್ಲಿ ಕೂತಳು.

"ಸುರು ಮಾಡ್ಲಾ," ಅಂದಳು ಅವ್ವ. "ಬುದ್ಧನ್ನ ಪರಿಚಯ ಮಾಡ್ಸು. ನೆಟ್ಗೆ ಮಾಡ್ಸು ಈಗ."

ಕೆಲವರು ಕೋಟು ತೆಗೆದುಕೊಂಡರು. ಕೆಲವರು ತಟ್ಟೆ ಹಿಡಿದು ನಿಂತೇ ಇದ್ದರು. ವಿಶ್ವಾಸ್ ನೆಲ ನೋಡುತ್ತಿದ್ದ. ಧನಂಜಯ ಮೈಕನ್ನು ಪಕ್ಕಕ್ಕಿಟ್ಟ. ಅವ್ವನ ಎದುರಿಗೆ ನೆಲದ ಮೇಲೆ ಕೂತ. ಕೈ ಮುಗಿದ. ಎಷ್ಟೋ ವರ್ಷಗಳಿಂದ ಬಾಯಿಬಿಟ್ಟು ಹೇಳಿರಲಿಲ್ಲ. ಆದರೂ ಬಂತು.

"ಬುದ್ಧಂ ಶರಣಂ ಗಚ್ಛಾಮಿ."

ಅವ್ವ ದನಿಗೂಡಿಸಿದಳು. ತಾರಾ ಸೇರಿಕೊಂಡಳು. ಮೂರು ಶರಣು ಮುಗಿಯಿತು. ಐದು ಶೀಲಗಳನ್ನು ಅವನು ಕನ್ನಡದಲ್ಲೇ ಹೇಳಿದ, ಎಲ್ಲರಿಗೂ ತಿಳಿಯಲೆಂದು. ಜೀವ ತೆಗೆಯುವುದಿಲ್ಲ. ಕೊಡದ್ದನ್ನು ತೆಗೆದುಕೊಳ್ಳುವುದಿಲ್ಲ. ಕಾಮದಲ್ಲಿ ತಪ್ಪು ನಡೆಯುವುದಿಲ್ಲ. ಇಷ್ಟು ಸರಾಗವಾಗಿ ಬಂತು.

ನಾಲ್ಕನೆಯದು ಸುಳ್ಳು ಹೇಳುವುದಿಲ್ಲ ಎಂಬುದು. ಅವನು ಬಾಯಿ ತೆರೆದ. ಇನ್ನೊಮ್ಮೆ ತೆರೆದ. ಉಸಿರು ಬಂತು, ಮಾತು ಬರಲಿಲ್ಲ. ತಾರಾ ತಾನೇ ಹೇಳಲು ಹೊರಟಳು. ಅವ್ವ ಅವಳ ತೊಡೆಯ ಮೇಲೆ ಕೈಯಿಟ್ಟು ತಡೆದಳು.

ಅವ್ವ ಹೇಳಿಕೊಡಲಿಲ್ಲ. ಕೈ ಮುಗಿದುಕೊಂಡು, ಅವನ ಮುಖವನ್ನೇ ನೋಡುತ್ತ ಕಾದಳು.